ಗಂಧರಾಜನಿಗೆ ಒಳಮನೆಯ ಚಳಿಗಾಲ
ಶಿಕಾಗೋ, ಟೊರಾಂಟೊ ಕಡೆ ಕುಂಡದಲ್ಲಿ ಗಾರ್ಡೇನಿಯಾ, ಅಂದರೆ ಗಂಧರಾಜ, ಬೆಳೆಸುತ್ತಿರುವವರಿಗೆ ಒಂದು ಮಾತು. ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಗಿಡವನ್ನು ಒಳಗೆ ತನ್ನಿ. ತರುವಾಗ ಎಲೆಗಳ ಅಡಿಭಾಗ ನೋಡಿ. ನುಸಿ, ಹಿಟ್ಟು ತಿಗಣೆ ಅಲ್ಲೇ ಅಡಗಿರುತ್ತವೆ. ದಕ್ಷಿಣದ ಕಿಟಕಿಯ ಬೆಳಕು ಒಳ್ಳೆಯದು.

ಮೊಗ್ಗು ಅರಳದೆ ಉದುರಿದರೆ ಚಳಿಯನ್ನಷ್ಟೇ ದೂರಬೇಡಿ. ಹೀಟರಿನ ಒಣಗಾಳಿ ಅದಕ್ಕಿಂತ ಕೆಟ್ಟದ್ದು. ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಅದರ ಮೇಲೆ ಕುಂಡ ಇಡಿ. ಕುಂಡದ ತಳ ಮಾತ್ರ ನೀರಿಗೆ ತಾಗದಿರಲಿ. ಎಲೆಗೆ ನೀರು ಚಿಮುಕಿಸಿದರೆ ಸಿಗುವ ತೇವ ಕೆಲವೇ ನಿಮಿಷದ್ದು, ಅದನ್ನು ನಂಬಿ ಕೂರಬೇಡಿ. ರಾತ್ರಿ 16 ಡಿಗ್ರಿಯ ಆಸುಪಾಸು ಇದ್ದರೆ ಮೊಗ್ಗು ಚೆನ್ನಾಗಿ ಕಟ್ಟುತ್ತದೆ.

ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು, ಅದೂ ಉಗುರುಬೆಚ್ಚಗೆ. ಹುಳಿಮಣ್ಣು ಬಯಸುವ ಈ ಗಿಡಕ್ಕೆ ನಲ್ಲಿಯ ಗಡಸು ನೀರು ಆಗಿಬರದು. ನರ ಹಸಿರಾಗಿಯೇ ಇದ್ದು ಎಲೆ ಹಳದಿಯಾಗುತ್ತದೆ. ಮಳೆನೀರನ್ನೋ ಕರಗಿಸಿದ ಶುದ್ಧ ಹಿಮವನ್ನೋ ಕೋಣೆಯಲ್ಲಿಟ್ಟು ಬೆಚ್ಚಗಾದ ಮೇಲೆ ಹಾಕಿ. ಗೊಬ್ಬರ ವಸಂತಕ್ಕೆ ಕಾಯಲಿ.