ಬಿಟ್ಟರೆ ಮಕ್ಕಳ ಚಿಂತೆ, ಇದ್ದರೆ ಮನೆಯ ಚಿಂತೆ

ಅಕ್ಕಾ, ನಮ್ಮದು ಹಿರಿಯೂರು ತಾಲ್ಲೂಕಿನ ಬಬ್ಬೂರು. ನನಗೆ 36 ವರ್ಷ. ಬಿ.ಎ., ಬಿ.ಇಡಿ. ಓದಿದ್ದೇನೆ. ಎಂಟು ವರ್ಷದಿಂದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗೆಸ್ಟ್ ಟೀಚರ್ ಆಗಿದ್ದೇನೆ. ಶಾಲೆಗೆ ಐದು ಹುದ್ದೆ ಮಂಜೂರಾಗಿದೆ, ಪರ್ಮನೆಂಟ್ ಇರೋರು ಹೆಡ್‌ಮಾಸ್ಟ್ರು ಸೇರಿ ಇಬ್ಬರೇ. ಹೆಡ್‌ಮಾಸ್ಟ್ರು ಮೀಟಿಂಗು, ಆನ್‌ಲೈನ್ ಎಂಟ್ರಿ, ಮೊಟ್ಟೆ ಲೆಕ್ಕ ಅಂತ ಓಡಾಡ್ತಾರೆ. ನನ್ನ ವಿಷಯ ಸಮಾಜ ವಿಜ್ಞಾನ, ಆದರೆ ಲೆಕ್ಕವನ್ನೂ ನಾನೇ ಮಾಡೋದು.

ಗೌರವಧನ ತಿಂಗಳಿಗೆ 12,000. ಅದೂ ವರ್ಷಕ್ಕೆ ಹತ್ತು ತಿಂಗಳು. ಮೂರು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ ಬರುತ್ತೆ. ನಮ್ಮ ಯಜಮಾನ್ರು ಟಾಟಾ ಏಸ್ ಓಡಿಸ್ತಾರೆ. ಕಂತು ಕಟ್ಟೋ ದಿನ ನನ್ನ ದುಡ್ಡು ಕೈಯಲ್ಲಿರಲ್ಲ. "ನಿನ್ನ ಗೌರವಕ್ಕೆ ಅಂಗಡೀಲಿ ಅಕ್ಕಿ ಕೊಡಲ್ಲ" ಅಂದುಬಿಟ್ರು. ಹಿರಿಯೂರಿನ ಖಾಸಗಿ ಶಾಲೆಯೊಂದರಲ್ಲಿ 11,000 ಕೊಡ್ತೀವಿ, ಹನ್ನೆರಡು ತಿಂಗಳೂ ಕೊಡ್ತೀವಿ ಅಂದಿದ್ದಾರೆ. ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಎರಡು ಸಲ ಬರೆದೆ, ಎರಡನೇ ಸಲ 84 ಬಂತು. ನಾವು 2ಎ ಕೆಟಗರಿ, 90 ಬೇಕಿತ್ತು.

ಹಿಂದೊಂದು ವರ್ಷ ನವೆಂಬರ್‌ನಲ್ಲಿ ಪರ್ಮನೆಂಟ್ ಮೇಷ್ಟ್ರು ವರ್ಗವಾಗಿ ಬಂದಾಗ ನನ್ನನ್ನು ಅವತ್ತೇ ಬಿಡುಗಡೆ ಮಾಡಿದ್ರು. ವಾರದೊಳಗೆ ಆರನೇ ಕ್ಲಾಸಿನ ಮೂರು ಮಕ್ಕಳು ಸೈಕಲ್ಲಲ್ಲಿ ನಮ್ಮನೆಗೇ ಬಂದು, ಲ.ಸಾ.ಅ. ಹೇಳಿಕೊಡಿ ಮಿಸ್ ಅಂತ ಜಗಲಿ ಮೇಲೆ ಕೂತವು. ಈಗ ನಾನಾಗೇ ಬಿಟ್ಟು ಹೋದರೆ ಆ ಮಕ್ಕಳಿಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತೆ. ಬಿಡದಿದ್ದರೆ ನನ್ನ ಮಕ್ಕಳಿಗೆ. ಏನು ಮಾಡಲಿ?

— ಹೆಸರು ಬೇಡ, ಬಬ್ಬೂರು

ತಂಗೀ,

ನಿಮ್ಮ ಕಾಗದ ಓದಿ ನಾನು ಮೊದಲು ಹುಡುಕಿದ್ದು ಸಂಬಳದ ಆದೇಶವನ್ನಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ನನ್ನು. ಒಂದು ಶಾಲೆಯಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಖಾಲಿ ಇರುವುದು ಶೇ 10ನ್ನು ಮೀರದಂತೆ ನೇಮಕಾತಿ ಮಾಡುವ ಪ್ರಾಧಿಕಾರ ನೋಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಐದು ಹುದ್ದೆಯ ಶಾಲೆಯಲ್ಲಿ ಒಂದೇ ಒಂದು ಖಾಲಿಯಾದರೂ ಅದು ಶೇ 20. ನಿಮ್ಮಲ್ಲಿ ಮೂರು ಖಾಲಿ, ಅಂದರೆ ಶೇ 60. ಈ ಬಾಕಿ ಯಾರ ಹೆಸರಿನಲ್ಲಿದೆ ಎಂದು ಕಾಯ್ದೆಯೇ ಬರೆದಿಟ್ಟಿದೆ. ಅಲ್ಲಿ ನಿಮ್ಮ ಹೆಸರಿಲ್ಲ.

ಇದನ್ನು ಮೊದಲೇ ಹೇಳುತ್ತಿರುವುದು ನೀವು "ದ್ರೋಹ" ಎಂಬ ಮಾತು ಬಳಸಿದ್ದರಿಂದ. ಮೂವತ್ತು ವರ್ಷ ಪಾಠ ಹೇಳಿದವಳು ನಾನು, ಆ ಸಂಕಟ ಗೊತ್ತು. ಮಕ್ಕಳ ಮೇಲಿನ ನಿಮ್ಮ ಪ್ರೀತಿ ನಿಜವಾದದ್ದು, ಅದಕ್ಕೇ ಮಕ್ಕಳು ಸೈಕಲ್ ತುಳಿದು ಬಂದರು. ಆದರೆ ಖಾಲಿ ಹುದ್ದೆಯನ್ನು ನಿಮ್ಮಂಥವರ ಪ್ರೀತಿಯಿಂದಲೇ ತುಂಬಿಸಿಕೊಂಡು ಹೋಗುವ ಅಭ್ಯಾಸ ರಾಜ್ಯಕ್ಕೆ ಬಹಳ ವರ್ಷಗಳಿಂದ ಆಗಿಬಿಟ್ಟಿದೆ. 2025-26ನೇ ಸಾಲಿಗೆ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಅನುಮತಿ ಸಿಕ್ಕ ಅತಿಥಿ ಶಿಕ್ಷಕರ ಸಂಖ್ಯೆ 51,000. ಅಷ್ಟು ಮಂದಿಯನ್ನು ಅತಿಥಿಗಳೆಂದು ಕರೆಯಲಾದೀತೇ? ಆ ಶಾಲೆಗಳು ನಿಂತಿರುವುದೇ ಅವರ ಮೇಲೆ. ನೀವು ಇದ್ದರೆ ಅದು ನಿಮ್ಮ ಆಯ್ಕೆ, ಹೋದರೂ ನಿಮ್ಮ ಆಯ್ಕೆ. ಎರಡರಲ್ಲಿ ಯಾವುದೂ ಪಾಪವಲ್ಲ. ಈ ಮಾತು ಮನಸ್ಸಿಗೆ ಇಳಿದ ಮೇಲೆಯೇ ಮುಂದಿನ ಲೆಕ್ಕ ಮಾಡೋಣ. ಅಪರಾಧಿ ಭಾವದಲ್ಲಿ ಕೂತು ಮಾಡಿದ ಲೆಕ್ಕ ತಾಳೆಯಾಗುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಈಗಿನ 12,000 ಬಂದದ್ದು 2025ರ ಮಾರ್ಚ್‌ನ ಬಜೆಟ್ಟಿನಲ್ಲಿ 2,000 ಹೆಚ್ಚಿಸಿದ ಮೇಲೆ. ಹತ್ತು ತಿಂಗಳಿಗೆ 1,20,000. ಖಾಸಗಿ ಶಾಲೆಯವರು ಮಾತಿಗೆ ತಪ್ಪದಿದ್ದರೆ ಹನ್ನೆರಡು ತಿಂಗಳಿಗೆ 1,32,000. ವ್ಯತ್ಯಾಸ ವರ್ಷಕ್ಕೆ 12,000. ಅದರಲ್ಲಿ ದಿನಾ ಹಿರಿಯೂರಿಗೆ ಹೋಗಿಬರುವ ಖರ್ಚು ಕಳೆಯಿರಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗಬೇಕು, ಸಂಜೆ ಎಷ್ಟಕ್ಕೆ ಬಿಡುತ್ತಾರೆ, ಏಪ್ರಿಲ್-ಮೇನಲ್ಲಿ ಮನೆಮನೆಗೆ ಹೋಗಿ ಅಡ್ಮಿಷನ್ ತರುವ ಕೆಲಸ ಹಚ್ಚುತ್ತಾರೋ, ಪಿ.ಎಫ್. ಕಟ್ಟುತ್ತಾರೋ, ನಿಮ್ಮ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೋ ಕೇಳಿ. ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಇದನ್ನೆಲ್ಲ ಕಳೆದ ಮೇಲೆ ಉಳಿಯುವ ನಿಜವಾದ ಲಾಭ ಒಂದೇ: ತಿಂಗಳು ತಿಂಗಳು ಕೈಗೆ ಬರುವುದು. ಟಾಟಾ ಏಸ್ ಕಂತು ಇರುವ ಮನೆಗೆ ಅದು ಸಣ್ಣ ಲಾಭವೇನಲ್ಲ.

ನಿಮ್ಮ ಯಜಮಾನರ ಮಾತು ಒರಟು. ಆದರೆ ಅವರು ಬೈದದ್ದು ನಿಮ್ಮನ್ನಲ್ಲ, ತಡವಾಗಿ ಬರುವ ದುಡ್ಡನ್ನು ಎಂದು ನನಗನಿಸುತ್ತದೆ. ಆ ದುಡ್ಡೂ ಕಡಿಮೆಯೇ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, 26 ದಿನಕ್ಕೆ 9,620. ರಾಜ್ಯ ಸರ್ಕಾರಿ ನೌಕರರ ಅತಿ ಕೆಳಗಿನ ದರ್ಜೆಯ ಮೂಲ ವೇತನ ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ 1ರಿಂದ, 27,000. ಬಿ.ಇಡಿ. ಓದಿ ಐದಾರು ತರಗತಿಗೆ ಪಾಠ ಮಾಡುವವರು ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಇದ್ದಾರೆ ನೋಡಿ. ನಿಮಗೆ ಕೊಡುವುದಕ್ಕೆ ವೇತನ ಅನ್ನದೆ ಗೌರವಧನ ಅನ್ನುವುದಕ್ಕೂ ಕಾರಣವಿದೆ: ವೇತನ ಎಂದರೆ ಶ್ರೇಣಿ, ತುಟ್ಟಿಭತ್ಯೆ, ರಜೆ ಎಲ್ಲವೂ ಹಿಂದೆಯೇ ಬರುತ್ತವೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಮಾರಂಭಗಳಲ್ಲಿ ಗುರುವನ್ನು ಹೊಗಳಿದರೆ ಸಾಲದು, ಅವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಎಂಬ ಅರ್ಥದ ಮಾತು ಹೇಳಿ, ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಲು ಆದೇಶಿಸಿತು. ಅದು ಕಾಲೇಜಿನವರ ತೀರ್ಪು, ನಾಳೆಯೇ ನಿಮ್ಮ ಖಾತೆಗೆ ಇಳಿಯುವುದಿಲ್ಲ. ಆದರೂ ಯಜಮಾನರಿಗೆ ಇದನ್ನು ಓದಿ ಹೇಳಿ. ಹೆಂಡತಿ ಪುಕ್ಕಟೆ ಸೇವೆ ಮಾಡುತ್ತಿಲ್ಲ, ಅವಳಿಗೆ ಬರಬೇಕಾದ್ದು ಬರುತ್ತಿಲ್ಲ ಎಂಬುದು ಅವರಿಗೂ ತಿಳಿಯಲಿ.

ಇನ್ನು ನೀವು ಬರೆಯದೆ ಬಿಟ್ಟ ಒಂದು ಮಾತು. ಎಂಟು ವರ್ಷ ಆಯಿತು, ಇನ್ನೆರಡು ವರ್ಷ ತಳ್ಳಿದರೆ ಹತ್ತಾಗುತ್ತದೆ, ಆಗ ಪರ್ಮನೆಂಟ್ ಮಾಡಿಯಾರು ಎಂಬ ಆಸೆ ಒಳಗೆಲ್ಲೋ ಇದೆ ಅಲ್ಲವೇ? ಹಿರಿಯೂರಿನಲ್ಲಿ ಗೆಸ್ಟ್ ಟೀಚರ್‌ಗಳು ಸೇರಿದಲ್ಲೆಲ್ಲ ಈ ಹತ್ತು ವರ್ಷದ ಮಾತು ಬಂದೇ ಬಂದಿರುತ್ತದೆ. ಅದು ಎಲ್ಲಿಂದ ಬಂತೆಂದು ಹೇಳುತ್ತೇನೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ಅದು ನಮ್ಮ ರಾಜ್ಯದ್ದೇ ಪ್ರಕರಣ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರಿಗೆ ಕಾಯಂ ಆಗುವ ಹಕ್ಕಿಲ್ಲ ಎಂಬುದು ತೀರ್ಪಿನ ತಿರುಳು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆಯ ಆಸರೆ ಇಲ್ಲದೆ, ಹತ್ತು ವರ್ಷ ಮೀರಿ ದುಡಿದ ಅರ್ಹರನ್ನು ಒಂದು ಸಲಕ್ಕೆ ಮಾತ್ರ ಪರಿಗಣಿಸಿ ಎಂದು ಅದರಲ್ಲೊಂದು ವಿನಾಯಿತಿ ಇತ್ತು. ಆ ವಿನಾಯಿತಿಯೇ ಬಾಯಿಂದ ಬಾಯಿಗೆ ಹೋಗಿ "ಹತ್ತು ವರ್ಷ ಆದರೆ ಪರ್ಮನೆಂಟ್" ಆಗಿಬಿಟ್ಟಿದೆ. ನಿಮ್ಮದು ಜೂನ್‌ನಲ್ಲಿ ಹೊಸ ಆದೇಶ, ಮಾರ್ಚ್‌ಗೆ ಮುಕ್ತಾಯ. ನಡುವೆ ಆ ನವೆಂಬರ್‌ನ ಬಿಡುಗಡೆ ಬೇರೆ. ಎಂಟು ವರ್ಷ ನಿಮ್ಮ ಲೆಕ್ಕಕ್ಕೆ ಎಂಟು, ಕಡತದಲ್ಲಿ ಎಂಟು ಬಿಡಿ ತುಂಡು.

ಹಾಗೆಂದು ಎಲ್ಲವೂ ಕತ್ತಲೆಯೇ ಅಲ್ಲ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗದ ಕಸಗುಡಿಸುವ ಹೆಣ್ಣುಮಕ್ಕಳು ಮತ್ತು ಒಬ್ಬ ತೋಟಗಾರನ ಪ್ರಕರಣದಲ್ಲಿ, ಜಗ್ಗೋ ಪ್ರಕರಣ ಎನ್ನುತ್ತಾರೆ, ಅದೇ ಸುಪ್ರೀಂ ಕೋರ್ಟ್ ಬೇರೆ ದಾರಿ ತೋರಿತು. ವರ್ಷಗಟ್ಟಲೆ ನಿರಂತರವಾಗಿ ಬೇಕಾಗುವ ಕೆಲಸವನ್ನು ತಾತ್ಕಾಲಿಕ ಎಂಬ ಹೆಸರಿನಲ್ಲಿ ಮಾಡಿಸಿಕೊಂಡು, ಉಮಾದೇವಿ ತೀರ್ಪನ್ನು ಅಡ್ಡ ಹಿಡಿಯಬಾರದು ಎಂದಿತು. ಸಂಘಟನೆಯವರಿಗೆ ಇದು ಒಳ್ಳೆಯ ಆಯುಧ. ಆದರೆ ಆ ದಾರಿ ಕೋರ್ಟಿನದು, ಉದ್ದದ್ದು. ಅದರ ಭರವಸೆಯ ಮೇಲೆ ಮನೆ ನಡೆಸುವುದು ಬೇಡ.

ನಿಮ್ಮ ಕೈಯಲ್ಲಿರುವ ದಾರಿ ಟಿಇಟಿಯ ಆ 84. ಪಾಸಾಗಲು ಇನ್ನು ಆರೇ ಅಂಕ. 150 ಅಂಕದ ಪತ್ರಿಕೆಯಲ್ಲಿ ನಿಮ್ಮ ಸಮಾಜ ವಿಜ್ಞಾನಕ್ಕೆ 60, ಶಿಶು ವಿಕಸನಕ್ಕೆ 30, ಎರಡು ಭಾಷೆಗೆ ತಲಾ 30. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗ್ರಾಮೀಣ ಅಭ್ಯರ್ಥಿಗಳು ಹೆಚ್ಚಾಗಿ ಸೋರಿಹೋಗುವುದು ಇಂಗ್ಲಿಷಿನಲ್ಲಿ ಮತ್ತು ಶಿಶು ವಿಕಸನದಲ್ಲಿ. ಹಳೆಯ ಪ್ರಶ್ನೆಪತ್ರಿಕೆ ತೆಗೆದು ನೀವು ಎಲ್ಲಿ ಕಳೆದುಕೊಂಡಿರಿ ನೋಡಿ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಈಗ ಜೀವನಪರ್ಯಂತ ನಡೆಯುತ್ತದೆ. ಟಿಇಟಿ ತೆಗೆದುಹಾಕುತ್ತಾರೆ ಎಂಬ ಗಾಳಿಮಾತು ನಂಬಬೇಡಿ. ಸುಪ್ರೀಂ ಕೋರ್ಟಿನ 2025ರ ಸೆಪ್ಟೆಂಬರ್ 1ರ ತೀರ್ಪಿನ ಪ್ರಕಾರ, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಕಾಯಂ ಶಿಕ್ಷಕರೂ ಎರಡು ವರ್ಷದೊಳಗೆ ಅದನ್ನು ಪಾಸು ಮಾಡಬೇಕು.

ನೇಮಕಾತಿ ಎಂದು ಬಂದೀತು ಎಂದು ಕೇಳುತ್ತೀರಿ. ಹಿಂದಿನದು ಹೇಗೆ ನಡೆಯಿತೆಂದು ಹೇಳಬಲ್ಲೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಕರೆದರು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ, ನಮ್ಮ ಚಿತ್ರದುರ್ಗ ಆ ಪಟ್ಟಿಗೆ ಸೇರುವುದಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಪರೀಕ್ಷೆ, ಆಯ್ಕೆಯಾದವರು 13,352 ಮಂದಿ, ಆದೇಶ ಕೈಗೆ ಬರುವಾಗ 2023 ಮುಗಿಯುತ್ತಾ ಬಂದಿತ್ತು. ತಡವಾದದ್ದಕ್ಕೆ ಮುಖ್ಯ ಕಾರಣ, ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಗಂಡನ ಆದಾಯ ನೋಡಬೇಕೋ ತಂದೆಯದೋ ಎಂದು ಹೈಕೋರ್ಟಿನಲ್ಲಿ ನಡೆದ ವ್ಯಾಜ್ಯ. ನೀವು 2ಎ, ಮದುವೆಯಾದವರು. ಮುಂದಿನ ಅಧಿಸೂಚನೆ ಬಂದಾಗ ಆ ಒಂದು ಸಾಲನ್ನು ಎರಡು ಸಲ ಓದಿ, ಯಾರ ಹೆಸರಿನ ಪ್ರಮಾಣಪತ್ರ ಕೇಳಿದ್ದಾರೋ ಅದನ್ನೇ ಮಾಡಿಸಿ. ಆ ನೇಮಕಾತಿ ಮುಗಿದ ಮೇಲೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಹಂಚಿಕೆ ತೀರ್ಮಾನವಾಗುವ ತನಕ ಹೊಸ ನೇಮಕಾತಿಗಳನ್ನು ತಡೆಹಿಡಿದರು. 2025ರ ಆಗಸ್ಟ್‌ನಲ್ಲಿ ಸಂಪುಟ ಅದನ್ನು ಶೇ 6, 6, 5 ಎಂದು ಹಂಚಿತು. ಆ ನ್ಯಾಯಕ್ಕಾಗಿ ನಮ್ಮ ಜಿಲ್ಲೆಯ ಎಷ್ಟೋ ಜನ ದಶಕಗಟ್ಟಲೆ ಕಾದಿದ್ದರು, ಅದು ಆಗಲೇಬೇಕಿತ್ತು. ಕಾಯುವ ಕಾಲದಲ್ಲಿ ನಿಮ್ಮಂಥವರ ವಯಸ್ಸು ಏರುತ್ತಿತ್ತು ಎಂಬುದೂ ನಿಜ.

ಹಾಗಾದರೆ ನನ್ನ ಸಲಹೆ: ಈ ವರ್ಷ ನಡುವೆ ಬಿಡಬೇಡಿ, ಮಾರ್ಚ್‌ವರೆಗೆ ಮುಗಿಸಿ. ಮಕ್ಕಳಿಗೋಸ್ಕರ ಮಾತ್ರವಲ್ಲ. ನಡುವೆ ಬಿಟ್ಟರೆ ಬಾಕಿ ಗೌರವಧನದ ಹಿಂದೆ ಬಿಇಒ ಆಫೀಸಿಗೆ ಅಲೆಯುವವರು ನೀವೇ. ಏಪ್ರಿಲ್, ಮೇ ಎರಡೂ ತಿಂಗಳನ್ನು ಟಿಇಟಿ ಓದಿಗೆ ಮೀಸಲಿಡಿ. ಜೂನ್‌ನಲ್ಲಿ ಮೂರು ಪ್ರಶ್ನೆ ಕೇಳಿಕೊಂಡು ಖಾಸಗಿ ಶಾಲೆಯ ವಿಚಾರ ತೀರ್ಮಾನಿಸಿ: ಅವರು ಸಂಬಳವನ್ನು ಕಾಗದದ ಮೇಲೆ ಬರೆದು ಕೊಟ್ಟರೇ, ಓದಲು ದಿನಕ್ಕೆ ಎರಡು ಗಂಟೆ ಎಲ್ಲಿ ಉಳಿಯುತ್ತದೆ, ಗಾಡಿಯ ಕಂತು ಎಷ್ಟು ತಿಂಗಳು ಬಾಕಿ ಇದೆ. ಓದಿಗೆ ಸಮಯ ಉಳಿಯುವ ಕಡೆ ಇರಿ ಎನ್ನುವುದು ನನ್ನ ಅಭಿಪ್ರಾಯ. ಅದು ಖಾಸಗಿ ಶಾಲೆಯೇ ಆದರೆ ಅಲ್ಲಿಗೇ ಹೋಗಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ನಿಮ್ಮ ಮಕ್ಕಳೂ ಮಾಡಿಕೊಳ್ಳುವುದಿಲ್ಲ.

ತಡವಾಗುವ ದುಡ್ಡಿನ ವಿಷಯದಲ್ಲಿ ಒಬ್ಬರೇ ಹೋಗಿ ಗುಮಾಸ್ತರನ್ನು ಕೇಳಿದರೆ "ಗ್ರ್ಯಾಂಟ್ ಬಂದಿಲ್ಲಮ್ಮ" ಎಂಬ ಉತ್ತರ ಸಿಗುತ್ತದೆ. ನಾಲ್ಕೈದು ಗೆಸ್ಟ್ ಟೀಚರ್‌ಗಳು ಸೇರಿ, ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ತಾಲ್ಲೂಕಿಗೆ ಅನುದಾನ ಬಿಡುಗಡೆಯಾದ ದಿನಾಂಕ, ಶಾಲೆಗಳಿಂದ ಹಾಜರಾತಿ ತಲುಪಿದ ದಿನಾಂಕ, ಖಾತೆಗೆ ಜಮೆಯಾದ ದಿನಾಂಕ ಇಷ್ಟೇ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ದುಡ್ಡು ಬೆಂಗಳೂರಿನಲ್ಲಿ ನಿಂತಿದೆಯೋ, ಹಿರಿಯೂರಿನಲ್ಲೋ, ನಿಮ್ಮ ಹೆಡ್‌ಮಾಸ್ಟ್ರ ಟೇಬಲ್ ಮೇಲೋ ಗೊತ್ತಾಗುತ್ತದೆ. ಜಗಳ ಯಾರ ಹತ್ತಿರ ಆಡಬೇಕೆಂದು ತಿಳಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಖಾಲಿ ಹುದ್ದೆಯ ಮಾತನ್ನು ಮಾತ್ರ ನೀವು ಎತ್ತಬೇಡಿ, ಪೋಷಕರು ಎತ್ತಲಿ. ಎಸ್‌ಡಿಎಂಸಿ ಸಭೆಯಲ್ಲಿ 26ನೇ ಸೆಕ್ಷನ್ ಹೆಸರಿಸಿ ಠರಾವು ಮಾಡಿ ಬಿಇಒಗೂ ಚಿತ್ರದುರ್ಗದ ಉಪನಿರ್ದೇಶಕರಿಗೂ ಕಳಿಸಿದರೆ, ವರ್ಗಾವಣೆ ಕೌನ್ಸೆಲಿಂಗ್ ಹೊತ್ತಿಗೆ ಆ ಕಾಗದ ಕಡತದಲ್ಲಿರುತ್ತದೆ. ಮಗು ಅವರದು, ಹಕ್ಕೂ ಅವರದು.

ಮತ್ತೆ, ಎಂಟು ವರ್ಷದ ಆದೇಶ ಪ್ರತಿಗಳು ನಿಮ್ಮ ಹತ್ತಿರ ಇವೆಯೇ? ಸೇವಾ ಅನುಭವಕ್ಕೆ ಕೃಪಾಂಕ ಕೊಡಿ ಎಂಬುದು ಅತಿಥಿ ಶಿಕ್ಷಕರ ಹಳೆಯ ಬೇಡಿಕೆ. ಅದು ಎಂದಾದರೂ ಒಪ್ಪಿಗೆಯಾದರೆ ಕೇಳುವುದು ಕಾಗದವನ್ನೇ. ಸೋಮವಾರ ಶಾಲೆಗೆ ಹೋದಾಗ ಹೆಡ್‌ಮಾಸ್ಟ್ರ ಹತ್ತಿರ ವರ್ಷವಾರು ಸೇವಾ ಪ್ರಮಾಣಪತ್ರ ಕೇಳಿ, ಬಿಇಒ ಮೇಲುಸಹಿ ಮಾಡಿಸಿಕೊಳ್ಳಿ. ನವೆಂಬರ್‌ನಲ್ಲಿ ಬಿಡುಗಡೆ ಮಾಡಿದರಲ್ಲ, ಆ ವರ್ಷದ್ದನ್ನು ಮೊದಲು ಕೇಳಿ. ಜೂನ್‌ನಿಂದ ನವೆಂಬರ್‌ವರೆಗಿನ ಆ ತಿಂಗಳುಗಳು ಎಲ್ಲಿಯೂ ಬರೆದಿರದಿದ್ದರೆ, ಅವತ್ತಿನ ಹಾಜರಿ ಪುಸ್ತಕ ಬೀರುವಿನಲ್ಲಿ ಇರುವಾಗಲೇ ಬರೆಸಿಕೊಳ್ಳಬೇಕು.