ಡೀಸೆಲ್ ಒತ್ತಡದ ಸೆನ್ಸರ್: ಬದಲಿಸುವ ಮುನ್ನ ವೈರು ಪರೀಕ್ಷಿಸಿರಿ

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳಲ್ಲಿ ಅನೇಕ ರೈತರು ರೇಷ್ಮೆಗೂಡು, ಮಾವು, ತರಕಾರಿಗಳನ್ನು ತಮ್ಮದೇ ಪಿಕಪ್ ಗಾಡಿಯಲ್ಲಿ ಮಾರುಕಟ್ಟೆಗೆ ಸಾಗಿಸುತ್ತಾರೆ. ಬಿಡಿಸಿದ ಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ಅದರ ತೂಕ ಇಳಿಯುತ್ತದೆ. ಹೆಚ್ಚು ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಇಂಥ ಹೊತ್ತಿನಲ್ಲಿ ಗಾಡಿಯ ಎಂಜಿನ್ ದೀಪ ಹೊತ್ತಿ, ಏರಿನಲ್ಲಿ ಎಳೆತ ಕುಗ್ಗಿ, ಆಕ್ಸಿಲರೇಟರ್ ಒತ್ತಿದರೂ ವೇಗ ಏರದಿದ್ದರೆ ನಷ್ಟ ಖಂಡಿತ. ಗಾಬರಿಯಲ್ಲಿ ಪಂಪು, ಸೆನ್ಸರ್ ಎಲ್ಲವನ್ನೂ ಬದಲಿಸಿದರೆ ನಷ್ಟ ಇಮ್ಮಡಿಯಾಗುತ್ತದೆ. ಎಷ್ಟೋ ವೇಳೆ ದೋಷ ಇರುವುದು ಸೆನ್ಸರಿನಲ್ಲಲ್ಲ, ಅದರ ಮೂರು ವೈರುಗಳಲ್ಲಿ. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಇದನ್ನು ನೀವೇ ಕಂಡುಕೊಳ್ಳಬಹುದು.

ಸೆನ್ಸರ್ ಮಾಡುವ ಕೆಲಸ

ಇಂದಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಪಂಪು ಡೀಸೆಲನ್ನು ರೈಲ್ ಎಂಬ ದಪ್ಪ ಉಕ್ಕಿನ ಕೊಳವೆಗೆ ತುಂಬುತ್ತದೆ. ಹನಿ ನೀರಾವರಿಗೆ ಸುಮಾರು 1 ಬಾರ್ ಒತ್ತಡ ಸಾಕು. ರೈಲಿನಲ್ಲಾದರೋ ಎಂಜಿನ್ ನಿಧಾನವಾಗಿ ಓಡುವಾಗಲೇ ಸುಮಾರು 300 ಬಾರ್ ಇದ್ದು, ಪೂರ್ಣ ಹೊರೆಯಲ್ಲಿ 1,600 ಬಾರ್ ಅಥವಾ ಅದಕ್ಕೂ ಮೇಲಕ್ಕೆ ಏರುತ್ತದೆ. ಈ ಒತ್ತಡವನ್ನು ಅಳೆದು ನಿಯಂತ್ರಣ ಪೆಟ್ಟಿಗೆಗೆ ತಿಳಿಸುವುದೇ ಸೆನ್ಸರಿನ ಕೆಲಸ. ಸುದ್ದಿ ತಪ್ಪೆಂದು ಕಂಡರೆ ಪೆಟ್ಟಿಗೆಯು ಎಂಜಿನ್ನಿನ ಶಕ್ತಿಯನ್ನು ಕುಗ್ಗಿಸುತ್ತದೆ. ಕೆಲವು ಗಾಡಿಗಳು ಚಾಲೂ ಆಗುವುದೇ ಇಲ್ಲ.

2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಬಿ.ಎಸ್.-6 ನಿಯಮವೂ, 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ನಿಯಮವೂ ಜಾರಿಗೆ ಬಂದ ಮೇಲೆ ಈ ವ್ಯವಸ್ಥೆ ರೈತರ ಅಂಗಳದಲ್ಲಿ ಸಾಮಾನ್ಯವಾಗಿದೆ. ಹಳೆಯ ಯಾಂತ್ರಿಕ ಪಂಪಿನ ಟ್ರ್ಯಾಕ್ಟರುಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ.

ಮೂರು ವೈರುಗಳು

1. ಪೂರೈಕೆ ವೈರು: ಪೆಟ್ಟಿಗೆಯಿಂದ ಸೆನ್ಸರಿಗೆ 5 ವೋಲ್ಟ್ ಒಯ್ಯುತ್ತದೆ.
2. ಅರ್ತ್ ವೈರು.
3. ಸುದ್ದಿ ವೈರು: ಒತ್ತಡ ಇಲ್ಲದಾಗ ಸುಮಾರು 0.5 ವೋಲ್ಟ್, ಎಂಜಿನ್ ನಿಧಾನವಾಗಿ ಓಡುವಾಗ ಸುಮಾರು 1ರಿಂದ 1.5 ವೋಲ್ಟ್, ಗರಿಷ್ಠ ಒತ್ತಡದಲ್ಲಿ ಸುಮಾರು 4.5 ವೋಲ್ಟ್ ತೋರಿಸುತ್ತದೆ.

ವೈರುಗಳ ಬಣ್ಣ ಮತ್ತು ಸರಿಯಾದ ಅಳತೆ ಗಾಡಿಯಿಂದ ಗಾಡಿಗೆ ಬೇರೆಯಾಗುವುದರಿಂದ ಆಯಾ ಗಾಡಿಯ ಸರ್ವೀಸ್ ಪುಸ್ತಕ ನೋಡಿಕೊಳ್ಳತಕ್ಕದ್ದು.

ದೋಷದ ಸಂಖ್ಯೆಯ ಅರ್ಥ

ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿದಾಗ ಬರುವ ಸಂಖ್ಯೆಯನ್ನು ಅಳಿಸುವ ಮುನ್ನ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಪಿ 0190 ಎಂದರೆ ಸೆನ್ಸರಿನ ವಿದ್ಯುತ್ ಮಾರ್ಗದಲ್ಲಿ ದೋಷ. ಪಿ 0192 ಎಂದರೆ ಸುದ್ದಿಯ ವೋಲ್ಟ್ ತೀರ ಕಡಿಮೆ. ಪಿ 0193 ಎಂದರೆ ತೀರ ಹೆಚ್ಚು. ಪಿ 0087 ಬಂದರೆ ರೈಲಿನಲ್ಲಿ ಒತ್ತಡವೇ ಕಡಿಮೆ ಇದೆ ಎಂದು ಪೆಟ್ಟಿಗೆ ಹೇಳುತ್ತಿದೆ. ಆಗ ಮೊದಲು ಡೀಸೆಲ್ ಫಿಲ್ಟರ್, ಅದರಲ್ಲಿ ನಿಂತ ನೀರು, ಕೊಳವೆಯಲ್ಲಿ ಸೇರಿದ ಗಾಳಿ ಇವುಗಳನ್ನು ನೋಡಬೇಕು.

ಸಂಖ್ಯೆಯು ರೋಗಲಕ್ಷಣವೇ ಹೊರತು ರೋಗವಲ್ಲ. ಎಲೆ ಹಳದಿಯಾದೊಡನೆ ಯೂರಿಯಾ ಎರಚುವುದಿಲ್ಲ. ಬೇರು ಕೊಳೆತಿದೆಯೇ, ನೀರು ನಿಂತಿದೆಯೇ ಎಂದು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ.

ಪರೀಕ್ಷಿಸುವ ವಿಧಾನ

1. ಬ್ಯಾಟರಿ ನೋಡಿರಿ. ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ಇರಬೇಕು. 12ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿಸಿರಿ.

2. ಕಣ್ಣಿನಿಂದ ನೋಡಿರಿ. ಇಲಿ ಕಡಿದ ಗುರುತು, ಎಂಜಿನ್ ಬಿಸಿಗೆ ಕರಗಿದ ವೈರು, ಸಡಿಲವಾದ ಕಪ್ಲರ್, ಅದರೊಳಗೆ ನೀರು ಅಥವಾ ಹಸಿರು ಕಿಲುಬು ಇದೆಯೇ ಎಂದು ಪರೀಕ್ಷಿಸಿರಿ. ಅನೇಕ ವೇಳೆ ಕೆಲಸ ಇಲ್ಲಿಗೇ ಮುಗಿಯುತ್ತದೆ.

3. ಕೀಲಿ ಆಫ್ ಮಾಡಿ ಸೆನ್ಸರಿನ ಕಪ್ಲರ್ ಬಿಚ್ಚಿರಿ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ಆನ್ ಮಾಡಿ, ಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು ಪೂರೈಕೆ ಮತ್ತು ಅರ್ತ್ ವೈರುಗಳ ನಡುವೆ ಅಳೆಯಿರಿ. 5 ವೋಲ್ಟಿನ ಆಸುಪಾಸು ಇದ್ದರೆ ಎರಡೂ ಸರಿ.

4. 5 ವೋಲ್ಟ್ ಬಾರದಿದ್ದರೆ, ಪೂರೈಕೆ ವೈರು ಮತ್ತು ಬ್ಯಾಟರಿಯ ಮೈನಸ್ ನಡುವೆ ಅಳೆಯಿರಿ. ಈಗ 5 ಬಂದರೆ ಅರ್ತ್ ವೈರು ಕಡಿದಿದೆ. ಈಗಲೂ ಬಾರದಿದ್ದರೆ ಪೂರೈಕೆ ವೈರು ಕಡಿದಿದೆ ಅಥವಾ ಎಲ್ಲೋ ಬಾಡಿಗೆ ತಗುಲಿದೆ. ಕೆಲವು ಗಾಡಿಗಳಲ್ಲಿ ಇದೇ 5 ವೋಲ್ಟ್ ಬೇರೆ ಸೆನ್ಸರುಗಳಿಗೂ ಹೋಗುತ್ತದೆ. ಅವುಗಳಲ್ಲೊಂದು ಶಾರ್ಟ್ ಆದರೂ ಇದು ಕುಸಿಯುತ್ತದೆ. ಒಂದೊಂದಾಗಿ ಬಿಚ್ಚಿ ನೋಡಬೇಕು.

5. ಕೀಲಿ ಆಫ್ ಮಾಡಿ ಕಪ್ಲರ್ ಮತ್ತೆ ಹಾಕಿರಿ. ಕೀಲಿ ಆನ್ ಮಾಡಿ, ಕಪ್ಲರಿನ ಹಿಂಬದಿಯಿಂದ ತೆಳುವಾದ ಪಿನ್ನು ತೂರಿಸಿ ಸುದ್ದಿ ವೈರನ್ನು ಅಳೆಯಿರಿ. ವೈರಿನ ಹೊದಿಕೆಗೆ ಸೂಜಿ ಚುಚ್ಚಬಾರದು. ಆ ತೂತಿನಿಂದ ನೀರಿಳಿದು ಮುಂದೆ ತಾಮ್ರ ಕೊಳೆಯುತ್ತದೆ. ಅಳೆಯುತ್ತಿರುವಾಗಲೇ ವೈರಿನ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿರಿ. ಅಂಕಿ ಜಿಗಿದರೆ ದೋಷ ನಿಮ್ಮ ಕೈಯಡಿಯಲ್ಲೇ ಇದೆ.

6. ಸೆನ್ಸರಿನ ಬಳಿ 0.5 ವೋಲ್ಟ್ ಸರಿಯಾಗಿದ್ದೂ ದೋಷದ ಸಂಖ್ಯೆ ಹೋಗದಿದ್ದರೆ, ಸುದ್ದಿ ಹೊರಟಿದೆ, ಪೆಟ್ಟಿಗೆಗೆ ಮುಟ್ಟಿಲ್ಲ ಎಂದರ್ಥ. ಆಗ ಕೀಲಿ ಆಫ್ ಮಾಡಿ, ಬ್ಯಾಟರಿಯ ಮೈನಸ್ ತೆಗೆದು, ವೈರಿನ ಎರಡೂ ತುದಿಯ ಕಪ್ಲರ್ ಬಿಚ್ಚಿ, ಓಮ್ ಅಳತೆಯಲ್ಲಿ ತುದಿಯಿಂದ ತುದಿಗೆ ನೋಡಿರಿ. ಒಂದೆರಡು ಓಮಿಗಿಂತ ಹೆಚ್ಚಿರಬಾರದು. ವಿದ್ಯುತ್ ಹರಿಯುತ್ತಿರುವ ವೈರಿನ ಮೇಲೆ ಓಮ್ ಅಳೆಯಲೇಬಾರದು.

7. ಮೂರು ವೈರುಗಳೂ ಸರಿಯಿದ್ದು ಸುದ್ದಿಯ ವೋಲ್ಟ್ ಮಾತ್ರ ತಪ್ಪಾಗಿದ್ದರೆ ಆಗ ಸೆನ್ಸರ್ ಕೆಟ್ಟಿದೆ ಎನ್ನಬಹುದು.

ಎಚ್ಚರಿಕೆ

ಎಂಜಿನ್ ಓಡುತ್ತಿರುವಾಗ ರೈಲಿನ ಯಾವ ನಟ್ಟನ್ನೂ ಸಡಿಲಿಸಬಾರದು. ಸೋರಿಕೆ ಇದೆಯೇ ಎಂದು ಬೆರಳಿಟ್ಟು ನೋಡಲೂಬಾರದು. ಈ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ವೈರಿನ ಪರೀಕ್ಷೆ ನಿಮ್ಮ ಕೆಲಸ. ಸೆನ್ಸರ್ ಬಿಚ್ಚಿ ಹಾಕುವುದು ನುರಿತ ಮೆಕ್ಯಾನಿಕ್‌ನ ಕೆಲಸ.

ದುರಸ್ತಿ ಮತ್ತು ಮುನ್ನೆಚ್ಚರಿಕೆ

ಕಡಿದ ವೈರನ್ನು ಬರೀ ತಿರುಚಿ ಟೇಪು ಸುತ್ತಿದರೆ ಮಳೆಗಾಲದವರೆಗೂ ಬಾಳುವುದಿಲ್ಲ. ಬೆಸುಗೆ ಹಾಕಿಸಿ, ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ ತೊಡಿಸಿರಿ. ಹುಲ್ಲು, ಹಿಂಡಿ ಇರುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿದರೆ ಇಲಿಗಳಿಗೆ ಆಹ್ವಾನ ಕೊಟ್ಟಂತೆ. ಎಂಜಿನ್ ಮೇಲೆ ಜೋರಾಗಿ ನೀರು ಹಾಯಿಸಿ ತೊಳೆಯಬೇಡಿರಿ. ಹುಳು ಸಾಕಣೆ ಮನೆಗೆ ಬ್ಲೀಚಿಂಗ್ ಪುಡಿಯಿಂದ ಸೋಂಕು ನಿವಾರಣೆ ಮಾಡುವ ದಿನ ಗಾಡಿಯನ್ನು ದೂರ ನಿಲ್ಲಿಸಿರಿ. ಅದರ ಕ್ಲೋರಿನ್ ವೈರಿನ ಲೋಹವನ್ನು ತಿನ್ನುತ್ತದೆ. ಹುಳು ಹಣ್ಣಾಗುವ ವಾರವೇ ಒಮ್ಮೆ ಕಪ್ಲರುಗಳನ್ನು ನೋಡಿಟ್ಟುಕೊಂಡರೆ ಗೂಡು ಬಿಡಿಸಿದ ದಿನ ಗಾಡಿ ದಾರಿಯಲ್ಲಿ ನಿಲ್ಲುವ ಭಯ ಕಡಿಮೆಯಾಗುತ್ತದೆ.