ಎಳೆ ಮಗುವಿಗೆ ಹಾಲು ಒಗ್ಗದಿದ್ದರೆ: ಬದಲಿ ಆಹಾರದ ಆಯ್ಕೆ

ಕರೆಯುವ ಹಸುವಿರುವ ಮನೆಯಲ್ಲಿ ಮಗುವಿನ ಹಾಲಿಗೆ ಕೊರತೆಯಿರುವುದಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಮುನ್ನ ಮಗುವಿನ ಪಾಲನ್ನು ತೆಗೆದಿಡುವುದು ಹಳ್ಳಿಗಳಲ್ಲಿ ವಾಡಿಕೆ. ಆದರೆ ಕೆಲವು ಮನೆಗಳಲ್ಲಿ ಈ ಒಂದು ಲೋಟ ಹಾಲೇ ತೊಂದರೆಗೆ ಕಾರಣವಾಗುತ್ತದೆ. ಹಾಲು ಕುಡಿದ ಸ್ವಲ್ಪ ಹೊತ್ತಿನಲ್ಲೇ ಮಗುವಿನ ಮೈಮೇಲೆ ಗಂಧೆಗಳೇಳುತ್ತವೆ, ವಾಂತಿಯಾಗುತ್ತದೆ. ಇಲ್ಲವೆ ವಾರಗಟ್ಟಲೆ ಭೇದಿ ನಿಲ್ಲುವುದಿಲ್ಲ. ಆಗ ಮನೆಯವರು ಹಲ್ಲು ಬರುವ ಕಾಲವೆಂದು ಹಾಲನ್ನು ಹಾಗೆಯೇ ಮುಂದುವರಿಸುತ್ತಾರೆ, ಅಥವಾ ಹಾಲನ್ನು ಪೂರ್ತಿ ನಿಲ್ಲಿಸಿ ಅಕ್ಕಿ ಗಂಜಿಯ ತಿಳಿ ಕುಡಿಸುತ್ತಾರೆ. ಎರಡೂ ಸರಿಯಲ್ಲ. ಮೊದಲನೆಯದರಿಂದ ಕೆಲವೊಮ್ಮೆ ಜೀವಕ್ಕೇ ಅಪಾಯವುಂಟು. ಎರಡನೆಯದರಿಂದ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ.

ಒಂದರಿಂದ ಮೂರು ವರ್ಷದ ಮಗುವಿಗೆ ಹಾಲು ಒಗ್ಗುವುದಿಲ್ಲವೆಂಬ ಸಂಶಯ ಬಂದಾಗ ಏನು ಮಾಡಬೇಕು, ರೈತ ಕುಟುಂಬವು ಹೊಲದಲ್ಲಿ ಬೆಳೆದ ಕಾಳುಕಡ್ಡಿಗಳಿಂದ ಹಾಲಿನ ಕೊರತೆಯನ್ನು ಎಷ್ಟರ ಮಟ್ಟಿಗೆ ತುಂಬಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಗ್ಗದಿರುವುದರಲ್ಲಿ ಎರಡು ಬಗೆ

ಮೊದಲನೆಯದು ಹಾಲಿನ ಅಲರ್ಜಿ. ಹಾಲಿನಲ್ಲಿರುವ ಕೇಸೀನ್ ಮತ್ತು ಹಾಲೊಡೆದಾಗ ತಿಳಿನೀರಿನಲ್ಲಿ ಉಳಿಯುವ ಇತರ ಸಸಾರಜನಕಗಳನ್ನು ಮಗುವಿನ ದೇಹವು ಶತ್ರುವೆಂದು ಭಾವಿಸಿ ಅವುಗಳ ವಿರುದ್ಧ ಹೋರಾಡುವುದೇ ಅಲರ್ಜಿ. ನೂರು ಶಿಶುಗಳಲ್ಲಿ ಒಂದರಿಂದ ಮೂರು ಶಿಶುಗಳಿಗೆ ಇದು ಬರಬಹುದು. ಕೆಲವು ಮಕ್ಕಳಲ್ಲಿ ಹಾಲು ಕುಡಿದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಪಿತ್ತಗಂಧೆ, ತುಟಿ ಮತ್ತು ಮುಖದ ಊತ, ವಾಂತಿ, ಉಸಿರಾಟದಲ್ಲಿ ಸುಯ್ ಎಂಬ ಸದ್ದು ಕಂಡುಬರುತ್ತವೆ. ಮತ್ತೆ ಕೆಲವರಲ್ಲಿ ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ನಂತರ ಭೇದಿ, ಮಲದಲ್ಲಿ ರಕ್ತ ಅಥವಾ ಲೋಳೆ, ವಾಸಿಯಾಗದ ಇಸುಬು ಕಾಣಿಸಿಕೊಳ್ಳುತ್ತವೆ, ತೂಕ ಏರುವುದಿಲ್ಲ.

ಎರಡನೆಯದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು. ಎಳೆಯ ಮಕ್ಕಳಲ್ಲಿ ಇದು ಸಾಮಾನ್ಯವಾಗಿ ತೀವ್ರ ಭೇದಿಯ ನಂತರ ಬಂದು ಕೆಲವು ವಾರಗಳಲ್ಲಿ ಹೋಗುತ್ತದೆ. ಹೊಟ್ಟೆಯುಬ್ಬರ ಮತ್ತು ನೀರುಭೇದಿ ಇದರ ಗುರುತು. ಗಂಧೆ, ಊತ ಇರುವುದಿಲ್ಲ. ಹಾಲು ಹೆಪ್ಪುಗಟ್ಟುವಾಗ ಸಕ್ಕರೆಯ ಒಂದು ಭಾಗ ಕರಗಿಹೋಗುವುದರಿಂದ ಇಂಥ ಮಕ್ಕಳಲ್ಲಿ ಹಲವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ಆದರೆ ಅಲರ್ಜಿಯಿರುವ ಮಗುವಿಗೆ ಮೊಸರೂ ಹಾಲಿನಷ್ಟೇ ಅಪಾಯಕಾರಿ. ಆದ್ದರಿಂದ ಎರಡರ ನಡುವಿನ ವ್ಯತ್ಯಾಸವನ್ನು ಮೊದಲು ತಿಳಿಯುವುದು ಅಗತ್ಯ.

ಖಚಿತಪಡಿಸಿಕೊಳ್ಳುವ ಕ್ರಮ

ಸಂಶಯದ ಮೇಲೆ ಮನೆಯವರೇ ತೀರ್ಮಾನಿಸಿ ತಿಂಗಳುಗಟ್ಟಲೆ ಹಾಲು ನಿಲ್ಲಿಸಬಾರದು. ಮಗು ಏನು ತಿಂದಿತು, ಎಷ್ಟು ಹೊತ್ತಿನ ಮೇಲೆ ಏನಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಮಕ್ಕಳ ವೈದ್ಯರಿಗೆ ತೋರಿಸಬೇಕು. ವೈದ್ಯರು ಸಾಮಾನ್ಯವಾಗಿ 2 ರಿಂದ 4 ವಾರ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಪೂರ್ತಿ ಬಿಡಿಸಿ ನೋಡುತ್ತಾರೆ. ನಂತರ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಪರೀಕ್ಷಿಸುತ್ತಾರೆ. ಹಾಲು ಬಿಟ್ಟಾಗ ತೊಂದರೆ ನಿಂತು, ಕೊಟ್ಟಾಗ ಮರುಕಳಿಸಿದರೆ ಅಲರ್ಜಿ ಖಚಿತ. ಅಗತ್ಯವಿದ್ದರೆ ಚರ್ಮದ ಮೇಲೆ ಅಥವಾ ರಕ್ತದಲ್ಲಿ ಪರೀಕ್ಷೆ ಮಾಡಿಸುತ್ತಾರೆ. ಹಿಂದೆ ಒಮ್ಮೆ ಊತ ಅಥವಾ ಉಸಿರಾಟದ ತೊಂದರೆಯಾಗಿದ್ದ ಮಗುವಿಗೆ ಮನೆಯಲ್ಲಿ ಹಾಲು ಕೊಟ್ಟು ನೋಡುವ ಸಾಹಸ ಕೂಡದು.

ತಾಯಿ ಹಾಲುಣಿಸುತ್ತಿದ್ದರೆ ಅದನ್ನು ನಿಲ್ಲಿಸಬಾರದು. ಎರಡು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟು ಎದೆಹಾಲು ಮುಂದುವರಿಸುವುದೇ ಉತ್ತಮ. ಎದೆಹಾಲಿನ ಮೂಲಕವೂ ಮಗುವಿಗೆ ತೊಂದರೆಯಾಗುತ್ತಿದೆ ಎಂದು ವೈದ್ಯರು ಹೇಳಿದರೆ ಮಾತ್ರ ತಾಯಿ ಹಾಲಿನ ಪದಾರ್ಥಗಳನ್ನು ಬಿಡಬೇಕಾಗುತ್ತದೆ. ಆಗ ತಾಯಿಗೂ ಸುಣ್ಣಾಂಶದ ಮಾತ್ರೆ ಬೇಕು. ಒಂದು ವರ್ಷದೊಳಗಿನ ಮಗುವಿನ ವಿಷಯವೇ ಬೇರೆ. ಅದಕ್ಕೆ ಎದೆಹಾಲಿನ ಬದಲಾಗಿ ಸಸ್ಯಜನ್ಯ ಪಾನೀಯ ಯಾವುದೂ ಸಲ್ಲದು. ಎದೆಹಾಲಿಲ್ಲದಿದ್ದರೆ ವೈದ್ಯರು ಬರೆದುಕೊಡುವ ವಿಶೇಷ ಶಿಶು ಆಹಾರವನ್ನೇ ಕೊಡಬೇಕು.

ಆಡು, ಎಮ್ಮೆ, ಕತ್ತೆಯ ಹಾಲು

ಹಸುವಿನ ಹಾಲು ಒಗ್ಗದಿದ್ದರೆ ಆಡಿನ ಹಾಲು ಕೊಡಿ ಎಂಬ ಸಲಹೆ ಹಿರಿಯರಿಂದ ಬರುವುದುಂಟು. ಆದರೆ ಹಸು, ಆಡು, ಕುರಿಗಳ ಹಾಲಿನ ಸಸಾರಜನಕಗಳ ರಚನೆ ಬಹುಮಟ್ಟಿಗೆ ಒಂದೇ. ಹಸುವಿನ ಹಾಲಿಗೆ ಅಲರ್ಜಿಯಿರುವ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಆಡಿನ ಹಾಲೂ ಒಗ್ಗುವುದಿಲ್ಲ. ಎಮ್ಮೆಯ ಹಾಲನ್ನೂ ಇದೇ ಸಾಲಿಗೆ ಸೇರಿಸಬೇಕು. ಸಂತೆಗಳಲ್ಲಿ, ಬೀದಿಗಳಲ್ಲಿ ಒಳಲೆಯ ಲೆಕ್ಕದಲ್ಲಿ ಮಾರುವ ಕತ್ತೆಯ ಹಾಲಿನ ರಚನೆ ಸ್ವಲ್ಪ ಬೇರೆಯಾದರೂ, ಹಸಿಯಾಗಿಯೇ ಕುಡಿಸುವುದರಿಂದ ರೋಗಾಣುಗಳ ಭಯವಿದೆ. ಚೆನ್ನಾಗಿ ಕುದಿಸಿದರೆ ಹಾಲು ಒಗ್ಗುತ್ತದೆಂಬ ನಂಬಿಕೆಯೂ ಸರಿಯಲ್ಲ. ಕುದಿತದಿಂದ ರೋಗಾಣುಗಳು ಸಾಯುತ್ತವೆ. ಕೇಸೀನ್ ಹಾಗೆಯೇ ಉಳಿಯುತ್ತದೆ.

ಹಾಲಿನಿಂದ ಸಿಗುವುದೇನು?

ಬದಲಿಯನ್ನು ಆರಿಸುವ ಮುನ್ನ ಕಳೆದುಕೊಂಡದ್ದೆಷ್ಟು ಎಂಬ ಲೆಕ್ಕ ಬೇಕು. 400 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 13 ಗ್ರಾಂ. ಸಸಾರಜನಕ, 480 ಮಿ.ಗ್ರಾಂ. ಸುಣ್ಣಾಂಶ, ಜೊತೆಗೆ ಜಿಡ್ಡು ಹಾಗೂ ‘ಬಿ-12’ ಜೀವಸತ್ವ ಇರುತ್ತವೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 12 ಗ್ರಾಂ. ಸಸಾರಜನಕ ಮತ್ತು 500 ಮಿ.ಗ್ರಾಂ. ಸುಣ್ಣಾಂಶ ಬೇಕು. ಅಂದರೆ ಹಾಲು ನಿಂತೊಡನೆ ಮಗುವಿನ ಸುಣ್ಣಾಂಶದ ಮುಖ್ಯ ಮೂಲವೇ ನಿಂತಂತಾಯಿತು. ನೋಡಲು ಬೆಳ್ಳಗಿರುವ ಪಾನೀಯವೆಲ್ಲ ಹಾಲಿಗೆ ಸಮನಲ್ಲ.

ಬದಲಿ ಪಾನೀಯಗಳ ಗುಣಾವಗುಣ

1. ಸೋಯಾ ಅವರೆಯ ಹಾಲು: ಸಸಾರಜನಕದಲ್ಲಿ ಹಸುವಿನ ಹಾಲಿಗೆ ಹತ್ತಿರವಾದುದು ಇದೊಂದೇ. ಆದರೆ ಮನೆಯಲ್ಲಿ ತಯಾರಿಸಿದ್ದರಲ್ಲಿ ಸುಣ್ಣಾಂಶ ಕಡಿಮೆ, ‘ಬಿ-12’ ಇಲ್ಲ. ಹಾಲಿನ ಅಲರ್ಜಿಯಿರುವ ಕೆಲವು ಮಕ್ಕಳಿಗೆ ಸೋಯಾ ಕೂಡ ಒಗ್ಗದು. ಆದ್ದರಿಂದ ವೈದ್ಯರನ್ನು ಕೇಳಿ ಆರಂಭಿಸಬೇಕು.

2. ಅಕ್ಕಿಯ ಪಾನೀಯ, ಗಂಜಿ ತಿಳಿ: ಇವುಗಳಲ್ಲಿ ಸಸಾರಜನಕ ಅತ್ಯಲ್ಪ. 2001ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದು ಎರಡು ವರ್ಷದೊಳಗಿನ ಇಬ್ಬರು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿತು. ಹಾಲಿನ ಬದಲು ಅಕ್ಕಿಯ ಪಾನೀಯ ಕುಡಿದ ಮಗುವಿಗೆ ಮೈ ಊದಿಕೊಳ್ಳುವ ಕ್ವಾಷಿಯೋರ್ಕರ್ ರೋಗವೂ, ಸುಣ್ಣಾಂಶ ಮತ್ತು ‘ಡಿ’ ಜೀವಸತ್ವ ಸೇರಿಸದ ಸೋಯಾ ಪಾನೀಯ ಕುಡಿದ ಮಗುವಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗವೂ ಬಂದಿದ್ದವು. ಎರಡೂ ಕೊರತೆಯುಳ್ಳ ಮನೆಯ ಮಕ್ಕಳಲ್ಲ. ಆಯ್ಕೆಯಲ್ಲಿ ತಪ್ಪಾಗಿತ್ತು, ಅಷ್ಟೆ. ಅಕ್ಕಿಯಲ್ಲಿ ಸೇರಿರಬಹುದಾದ ಆರ್ಸೆನಿಕ್ ಕಾರಣದಿಂದ ಬ್ರಿಟನ್ನಿನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಅಕ್ಕಿಯ ಪಾನೀಯವನ್ನು ಹಾಲಿನ ಬದಲು ಕೊಡಬಾರದೆಂದು ಸಲಹೆ ಮಾಡಲಾಗಿದೆ. ಊಟದಲ್ಲಿ ಅನ್ನ ಕೊಡಲು ಇದರಿಂದ ಅಡ್ಡಿಯಿಲ್ಲ.

3. ತೆಂಗಿನಕಾಯಿ ಹಾಲು: ಜಿಡ್ಡು ಹೆಚ್ಚು; ಸಸಾರಜನಕ, ಸುಣ್ಣಾಂಶ ಕಡಿಮೆ. ಅಡುಗೆಗೆ ಒಳ್ಳೆಯದು, ಹಾಲಿನ ಸ್ಥಾನಕ್ಕೆ ಸಾಲದು.

4. ಬಾದಾಮಿ ಪಾನೀಯ: ಬೆಲೆ ಹೆಚ್ಚು, ಸತ್ವ ಕಡಿಮೆ, ಬಹುಪಾಲು ನೀರೇ.

5. ಕಡಲೆಕಾಯಿ (ಶೇಂಗಾ) ಹಾಲು: ಸಸಾರಜನಕ, ಜಿಡ್ಡು ಎರಡೂ ಉಂಟು. ಆದರೆ ಬೂಷ್ಟು ಹಿಡಿದ, ಸುಕ್ಕಾದ, ಬಣ್ಣಗೆಟ್ಟ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಕಾಯಿಯನ್ನು ತೇವಾಂಶ ಶೇ. 8ಕ್ಕೆ ಇಳಿಯುವವರೆಗೆ ಒಣಗಿಸಿ ಶೇಖರಿಸಿದ, ಕೈಯಿಂದ ಆರಿಸಿದ ಬೀಜವನ್ನೇ ಬಳಸಬೇಕು. ಇಡೀ ಬೀಜ ಗಂಟಲಲ್ಲಿ ಸಿಕ್ಕುವ ಭಯವಿರುವುದರಿಂದ ಎಳೆ ಮಗುವಿಗೆ ಪುಡಿಮಾಡಿಯೇ ಕೊಡಬೇಕು.

ಮಾರುಕಟ್ಟೆಯ ಪಾನೀಯ ಕೊಳ್ಳುವುದಾದರೆ ಸುಣ್ಣಾಂಶ, ‘ಡಿ’ ಮತ್ತು ‘ಬಿ-12’ ಜೀವಸತ್ವ ಸೇರಿಸಿದ, ಸಕ್ಕರೆ ಹಾಕದ ಸೋಯಾ ಪಾನೀಯ ಮೇಲು. ಸೇರಿಸಿದ ಸುಣ್ಣಾಂಶ ತಳದಲ್ಲಿ ಕೂಡುವುದರಿಂದ ಚೆನ್ನಾಗಿ ಕುಲುಕಿ ಬಗ್ಗಿಸಬೇಕು.

ಸೋಯಾ ಹಾಲು ತಯಾರಿಸುವ ವಿಧಾನ

ಬೆಳಗಾವಿ, ಬೀದರ್, ಧಾರವಾಡ ಜಿಲ್ಲೆಗಳಲ್ಲಿ ಸೋಯಾ ಅವರೆ ಹೊಲದಲ್ಲೇ ದೊರೆಯುತ್ತದೆ. ಆದರೆ ಬಿತ್ತನೆಗೆಂದು ತಂದು ಉಳಿದ ಬೀಜವನ್ನು ಎಂದಿಗೂ ಅಡುಗೆಗೆ ಬಳಸಬಾರದು. ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ತೊಳೆದರೂ ಹೋಗುವುದಿಲ್ಲ.

100 ಗ್ರಾಂ. ಒಳ್ಳೆಯ ಕಾಳನ್ನು ತೊಳೆದು 8 ರಿಂದ 10 ಗಂಟೆ ನೆನೆಸಿರಿ. ನೆನೆದ ನೀರನ್ನು ಚೆಲ್ಲಿ, ಕೈಯಿಂದ ಉಜ್ಜಿ ಸಿಪ್ಪೆ ತೆಗೆಯಿರಿ. ಕಾಳನ್ನು ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು ಬಸಿದು, ಬಿಸಿನೀರು ಸೇರಿಸಿ ನುಣ್ಣಗೆ ರುಬ್ಬಿರಿ. ಬಿಸಿಯಾಗಿ ರುಬ್ಬುವುದರಿಂದ ಹಸಿಕಾಳಿನ ವಾಸನೆ ಕಡಿಮೆಯಾಗುತ್ತದೆ. ಒಟ್ಟು ನೀರು 800 ಮಿ.ಲೀ. ಮೀರದಿರಲಿ. ಬಟ್ಟೆಯಲ್ಲಿ ಸೋಸಿ, ತಳ ಹಿಡಿಯದಂತೆ ತಿರುವುತ್ತಾ 15 ರಿಂದ 20 ನಿಮಿಷ ಕುದಿಸಿರಿ. ಹಸಿ ಸೋಯಾದಲ್ಲಿ ಸಸಾರಜನಕದ ಪಚನಕ್ಕೆ ಅಡ್ಡಿ ಮಾಡುವ ಅಂಶವಿದ್ದು, ಅದು ಈ ಕುದಿತದಿಂದ ನಾಶವಾಗುತ್ತದೆ. ಒಂದು ಉಕ್ಕು ಬಂದೊಡನೆ ಇಳಿಸಿದರೆ ಸಾಲದು. ತಯಾರಿಸಿದ ದಿನವೇ ಬಳಸಿ ಮುಗಿಸಬೇಕು.

ಮೊಳಕೆ ರಾಗಿ

ಸುಣ್ಣಾಂಶದಲ್ಲಿ ರಾಗಿಗೆ ಸಮನಾದ ಧಾನ್ಯವಿಲ್ಲ. 100 ಗ್ರಾಂ. ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣಾಂಶವಿದ್ದರೆ ಅಷ್ಟೇ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿ.ಗ್ರಾಂ. ಮಾತ್ರ. ರಾಗಿಯಲ್ಲಿರುವ ಫೈಟೇಟ್, ಟ್ಯಾನಿನ್ ಎಂಬ ಅಂಶಗಳು ಸುಣ್ಣ ಮೈಗೂಡುವುದನ್ನು ತಡೆಯುತ್ತವೆ. ಮೊಳಕೆ ಕಟ್ಟುವುದರಿಂದ ಇವು ತಗ್ಗುತ್ತವೆ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ನೀರು ಚಿಮುಕಿಸುತ್ತಾ ಒಂದೆರಡು ದಿನ ಇಡಬೇಕು. ಮೊಳಕೆ ಬಂದ ಮೇಲೆ ಬಿಸಿಲಿನಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಬೇಕು. ಮೊಳಕೆ ಹಿಟ್ಟಿನ ಸರಿ ತೆಳ್ಳಗಾಗುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಹಿಟ್ಟನ್ನು ಬಟ್ಟೆಯಲ್ಲಿ ಜಾಲಿಸಿ ಬೆಳ್ಳಗೆ ಮಾಡುವ ರೂಢಿ ಹಲವೆಡೆ ಇದೆ. ಸುಣ್ಣಾಂಶ ಹೆಚ್ಚಾಗಿರುವುದು ಹೊರಪದರದಲ್ಲೇ ಆದ್ದರಿಂದ ಒಂದು ವರ್ಷ ದಾಟಿದ ಮಗುವಿಗೆ ಇಡೀ ಹಿಟ್ಟನ್ನೇ ನುಣ್ಣಗೆ ಬೀಸಿ ಬಳಸುವುದು ಲೇಸು.

ಒಂದು ದಿನದ ಲೆಕ್ಕ

ಹಾಲಿಲ್ಲದ ಒಂದು ದಿನದ ಮಾದರಿ ಆಹಾರ ಹೀಗಿರಬಹುದು. ಅಂಕಿಗಳು ಸ್ಥೂಲ.

ಮೊಳಕೆ ರಾಗಿ ಹಿಟ್ಟು 50 ಗ್ರಾಂ.: ಸುಣ್ಣಾಂಶ 175 ಮಿ.ಗ್ರಾಂ., ಸಸಾರಜನಕ 3.5 ಗ್ರಾಂ.
ಸೋಯಾ ಹಾಲು 200 ಮಿ.ಲೀ.: ಸುಣ್ಣಾಂಶ 45, ಸಸಾರಜನಕ 6
ಬೇಯಿಸಿದ ಮೊಟ್ಟೆ 1: ಸುಣ್ಣಾಂಶ 25, ಸಸಾರಜನಕ 6
ತೊಗರಿ ಬೇಳೆ 25 ಗ್ರಾಂ.: ಸುಣ್ಣಾಂಶ 20, ಸಸಾರಜನಕ 5
ನುಗ್ಗೆ ಸೊಪ್ಪು 20 ಗ್ರಾಂ.: ಸುಣ್ಣಾಂಶ 60, ಸಸಾರಜನಕ 1
ಎಳ್ಳಿನ ಪುಡಿ 5 ಗ್ರಾಂ.: ಸುಣ್ಣಾಂಶ 60, ಸಸಾರಜನಕ 1

ಒಟ್ಟು ಸಸಾರಜನಕ 22.5 ಗ್ರಾಂ.; ಅಗತ್ಯಕ್ಕಿಂತ ಹೆಚ್ಚೇ ಆಯಿತು. ಆದರೆ ಸುಣ್ಣಾಂಶ 385 ಮಿ.ಗ್ರಾಂ. ಮಾತ್ರ, ಅದರಲ್ಲೂ ಮೈಗೂಡುವುದು ಒಂದು ಭಾಗವಷ್ಟೇ. ಇಷ್ಟೆಲ್ಲ ಜೋಡಿಸಿದರೂ ಹಾಲಿನ ಸುಣ್ಣಾಂಶಕ್ಕೆ ಸಮನಾಗಲಿಲ್ಲವೆಂಬುದನ್ನು ಗಮನಿಸಬೇಕು. ಆದ್ದರಿಂದ ಸುಣ್ಣಾಂಶ ಮತ್ತು ‘ಡಿ’ ಜೀವಸತ್ವದ ಔಷಧಿ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಮೊಟ್ಟೆ, ಮೀನು, ಮಾಂಸ ತಿನ್ನದ ಮನೆಯಾದರೆ ‘ಬಿ-12’ ಬಗ್ಗೆಯೂ ವಿಚಾರಿಸಬೇಕು. ಹಾಲಿನ ಜಿಡ್ಡಿಗೆ ಬದಲಾಗಿ ದಿನಕ್ಕೆ ಎರಡು ಮೂರು ಚಮಚ ಎಣ್ಣೆಯನ್ನು ಊಟದಲ್ಲಿ ಸೇರಿಸಬೇಕು.

ಸೋಯಾ, ಮೊಟ್ಟೆ, ಕಡಲೆಕಾಯಿ, ಎಳ್ಳು ಇವು ಕೂಡ ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಆದ್ದರಿಂದ ಹೊಸ ಪದಾರ್ಥವನ್ನು ಒಂದೊಂದಾಗಿ, ಸ್ವಲ್ಪ ಪ್ರಮಾಣದಲ್ಲಿ, ಹಗಲು ಹೊತ್ತಿನಲ್ಲಿ ಆರಂಭಿಸಿ ಮೂರು ದಿನ ಗಮನಿಸಿ ಮುಂದಿನದಕ್ಕೆ ಹೋಗಬೇಕು.

ಮುನ್ನೆಚ್ಚರಿಕೆಗಳು

ಹಾಲು ಲೋಟದಲ್ಲಿ ಮಾತ್ರ ಇರುವುದಿಲ್ಲ. ಬೆಣ್ಣೆ, ಪೇಡ, ಬಿಸ್ಕತ್ತು, ಬನ್ನು, ಚಾಕೊಲೇಟುಗಳಲ್ಲೂ ಇರುತ್ತದೆ. ತುಪ್ಪದಲ್ಲಿ ಸಹ ಹಾಲಿನ ಸಸಾರಜನಕದ ಅಲ್ಪಾಂಶ ಉಳಿದಿರಬಹುದು. ಪೊಟ್ಟಣದ ಮೇಲೆ ಹಾಲು, ಹಾಲಿನ ಪುಡಿ, ಕೇಸೀನ್, ವ್ಹೇ ಎಂಬ ಹೆಸರುಗಳಿದ್ದರೆ ಕೊಡಬಾರದು. ಅಂಗನವಾಡಿಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ಹಾಲು ಕೊಡಲಾಗುತ್ತಿರುವುದರಿಂದ ಮಗುವನ್ನು ಸೇರಿಸುವ ದಿನವೇ ಕಾರ್ಯಕರ್ತೆಗೆ ವಿಷಯ ತಿಳಿಸಬೇಕು. ಅಜ್ಜಿ, ನೆರೆಹೊರೆಯವರಿಗೂ ತಿಳಿದಿರಲಿ. ಪ್ರೀತಿಯಿಂದ ಕೊಟ್ಟ ಒಂದು ತುಂಡು ಪೇಡವೂ ಸಾಕು. ಮಗುವಿಗೆ ಉಸಿರಾಡಲು ಕಷ್ಟವಾದರೆ, ನಾಲಿಗೆ ಊದಿದರೆ ಅಥವಾ ಮಗು ಸುಸ್ತಾಗಿ ಕುಸಿದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಬದಲಿ ಆಹಾರ ಸರಿಯಾಗಿದೆಯೇ ಎಂಬುದನ್ನು ತಿಳಿಸುವುದು ತಕ್ಕಡಿ. ಪ್ರತಿ ತಿಂಗಳೂ ಅಂಗನವಾಡಿಯಲ್ಲಿ ತೂಕ ಮಾಡಿಸಿ ಕಾರ್ಡಿನಲ್ಲಿ ಬರೆಸಬೇಕು. ಎರಡು ತಿಂಗಳು ತೂಕ ಏರದಿದ್ದರೆ ಮತ್ತೆ ವೈದ್ಯರನ್ನು ಕಾಣಬೇಕು.

ಹಾಲಿನ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಶಾಶ್ವತವಲ್ಲ. ಹೆಚ್ಚಿನವರಲ್ಲಿ ಮೂರರಿಂದ ಐದು ವರ್ಷದ ಹೊತ್ತಿಗೆ, ಕೆಲವರಲ್ಲಿ ಇನ್ನೂ ತಡವಾಗಿ ಇದು ಹೋಗುತ್ತದೆ. ವೈದ್ಯರ ಸಲಹೆಯಂತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಪರೀಕ್ಷಿಸುತ್ತಿದ್ದರೆ ಮಗು ಮತ್ತೆ ಮನೆಯ ಹಸುವಿನ ಹಾಲನ್ನು ಕುಡಿಯುವ ದಿನ ಬರುತ್ತದೆ. ಅಲ್ಲಿಯವರೆಗೆ ಮಗುವಿನ ಮೂಳೆ ಗಟ್ಟಿಯಾಗಿ, ತೂಕ ಸರಿಯಾಗಿ ಏರುವಂತೆ ನೋಡಿಕೊಳ್ಳುವುದು ಹೊಲದ ರಾಗಿ, ಕಾಳು, ಹಿತ್ತಲಿನ ನುಗ್ಗೆ ಮತ್ತು ವೈದ್ಯರ ಸಲಹೆ ಇವೆಲ್ಲವೂ ಕೂಡಿ ಮಾಡಬೇಕಾದ ಕೆಲಸ.